ಮಿನಿ ಟ್ರಾಕ್ಟರ್‌ಗೆ ಹುಲ್ಲು ಕತ್ತರಿಸುವ ಸ್ಲ್ಯಾಶರ್: ಕೊಳ್ಳುವ ಮುಂಚೆ ಬಗ್ಗಿ ನೋಡಿ

ಕ್ಲಚ್ ಒತ್ತಿದೆ. ಟ್ರಾಕ್ಟರ್ ನಿಲ್ಲಲಿಲ್ಲ. ಬೇಲಿಯ ಕಲ್ಲುಕಂಬ ಎರಡು ಮಾರು ದೂರದಲ್ಲಿತ್ತು. ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ಕಂಬ ಎರಡು ತುಂಡಾಗಿ ಬಿದ್ದಿತ್ತು. ಎಂಜಿನ್ ತಳ್ಳಿದ್ದಲ್ಲ, ಹಿಂದೆ ಗಿರಗಿರ ಸುತ್ತುತ್ತಿದ್ದ ಸ್ಲ್ಯಾಶರ್‌ನ ಬ್ಲೇಡುಗಳೇ ಟ್ರಾಕ್ಟರನ್ನು ಮುಂದಕ್ಕೆ ನೂಕಿದ್ದವು. ಅದನ್ನು ತಡೆಯುವ ಒಂದು ಸಣ್ಣ ಬಿಡಿಭಾಗವಿದೆ. ಮಾರಿದವರು ಅದರ ಬಗ್ಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯಲ್ಲಿ ನಾನು ನೋಡಿದ್ದು ಅಗಲ ಮತ್ತು ಬೆಲೆ, ಇನ್ನೊಂದಿಷ್ಟು ಬಣ್ಣ. ಅಷ್ಟೇ.

ತೆಂಗಿನ ಸಾಲುಗಳ ನಡುವೆ, ದನ ಮೇಯುವ ಬೀಳು ಜಾಗದಲ್ಲಿ ಹುಲ್ಲು ಸವರಲು ಸ್ಲ್ಯಾಶರ್ ತರಬೇಕು ಅಂತಿರುವವರು ನಮ್ಮ ಕಡೆ ಈಗ ಜಾಸ್ತಿಯಾಗಿದ್ದಾರೆ. ನಾನು ತಪ್ಪು ಮಾಡಿ ಕಲಿತದ್ದನ್ನು ಅವರಿಗಾಗಿ ವರಸೆಯಾಗಿ ಬರೆಯುತ್ತೇನೆ.

1. ಇದು ನಿಮಗೆ ಬೇಕಾದ ಯಂತ್ರವೇ?

ಸ್ಲ್ಯಾಶರ್ ಅಂದರೆ ದಪ್ಪ ತಗಡಿನ ಕೆಳಗೆ ಅಡ್ಡಡ್ಡ ಸುತ್ತುವ ಎರಡು ಬ್ಲೇಡು. ಮೇಲೊಂದು ಗೇರ್‌ಬಾಕ್ಸ್. ಅದಕ್ಕೆ ಟ್ರಾಕ್ಟರ್‌ನ ಪಿಟಿಒ ಶಾಫ್ಟಿನಿಂದ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸಲೆಂದೇ ಇರುವ ದಂಡದಿಂದ, ಶಕ್ತಿ. ಅಮೆರಿಕದವರು ಇದನ್ನು ಬುಷ್ ಹಾಗ್ ಅನ್ನುತ್ತಾರೆ. ಅದು ಒಂದು ಕಂಪನಿಯ ಹೆಸರು, ನಮ್ಮಲ್ಲಿ ಜೆರಾಕ್ಸ್ ಅಂದಹಾಗೆ. ನಮ್ಮ ಅಂಗಡಿಗಳಲ್ಲಿ ಸ್ಲ್ಯಾಶರ್, ಗ್ರಾಸ್ ಕಟರ್, ಶ್ರಬ್ ಮಾಸ್ಟರ್ ಎಂದು ಬಾಯಿಗೆ ಬಂದ ಹೆಸರಲ್ಲಿ ಮಾರುತ್ತಾರೆ. ಹೆಸರು ನೋಡಬೇಡಿ, ಅಡಿಯಲ್ಲಿ ಏನಿದೆ ನೋಡಿ.

ಇದು ಕುಡುಗೋಲಿನ ಹಾಗೆ ಕೊಯ್ಯುವುದಿಲ್ಲ, ಹೊಡೆದು ಹರಿಯುತ್ತದೆ. ಹುಲ್ಲು ತುಂಡು ತುಂಡಾಗಿ, ಮಣ್ಣು ಧೂಳು ಸೇರಿಕೊಂಡು ಅಲ್ಲೇ ಬೀಳುತ್ತದೆ. ಆದ್ದರಿಂದ ಒಣಹುಲ್ಲು ಮಾಡಿ ಬಣವೆ ಹಾಕುವವರಿಗೆ ಇದು ಬೇಡ. ಅವರು ಹುಲ್ಲನ್ನು ಕೊಯ್ದು ಮಲಗಿಸುವ ರೀಪರ್ ಅಥವಾ ಡ್ರಮ್ ಮೋವರ್ ನೋಡಲಿ.

ಹಾಗಾದರೆ ಯಾರಿಗೆ? ದನ ಮೇದ ಮೇಲೆ ಉಳಿದದ್ದನ್ನು ಸವರುವವರಿಗೆ. ದನಗಳು ಎಳೆ ಹುಲ್ಲು ಮೇಯುತ್ತವೆ, ಸಗಣಿ ಬಿದ್ದ ಸುತ್ತ ಮೂತಿಯೇ ಇಡುವುದಿಲ್ಲ. ಬಲಿತ ಊಬಿನ ಹುಲ್ಲನ್ನು ಬಿಡುತ್ತವೆ, ಕಾಂಗ್ರೆಸ್ ಗಿಡವನ್ನಂತೂ ಮುಟ್ಟುವುದಿಲ್ಲ. ಹಾಗೇ ಬಿಟ್ಟರೆ ಮೂರು ವರ್ಷದಲ್ಲಿ ಬೇಡದ್ದೇ ಹುಲ್ಲುಗಾವಲನ್ನೆಲ್ಲ ಆಕ್ರಮಿಸುತ್ತದೆ. ಮೇಯಿಸಿದ ಮೇಲೆ ಒಮ್ಮೆ ಸವರಿದರೆ ಒಳ್ಳೆಯ ಹುಲ್ಲಿಗೆ ಬಿಸಿಲು ಸಿಕ್ಕಿ ಚಿಗುರುತ್ತದೆ. ಕಾಂಗ್ರೆಸ್ ಗಿಡ ಮೊಳೆತು ಒಂದು ಒಂದೂವರೆ ತಿಂಗಳಿಗೇ ಹೂ ಬಿಡುತ್ತದೆ. ಹೂವಿಗೆ ಮುಂಚೆ ಸವರಿದರೆ ಲಾಭ. ಬೀಜ ಕಟ್ಟಿದ ಮೇಲೆ ಸವರಿದರೆ ನೀವೇ ಬಿತ್ತಿದ ಹಾಗೆ.

"ಮನೇಲಿ ರೋಟವೇಟರ್ ಇದ್ಯಲ್ಲ, ಅದನ್ನೇ ಹೊಡೆದ್ರಾಯ್ತು" ಅನ್ನುವವರಿದ್ದಾರೆ. ಅದು ಹುಲ್ಲಿನ ಬೇರನ್ನೂ ಕಿತ್ತು ಹಾಕುತ್ತದೆ. ಬರಿಯ ಮಣ್ಣಾದ ಜಾಗಕ್ಕೆ ಮುಂದಿನ ಮಳೆಗೆ ಮೊದಲು ಬರುವುದು ಕಾಂಗ್ರೆಸ್ ಗಿಡವೇ. ಮಲ್ಚರ್ ಚೆನ್ನಾಗಿ ಪುಡಿ ಮಾಡುತ್ತದೆ, ನಿಜ. ಆದರೆ ದುಬಾರಿ, ಭಾರ, ಶಕ್ತಿಯೂ ಹೆಚ್ಚು ಬೇಕು.

2. ಅಗಲ: ನಾನು ಎಡವಿದ್ದು ಇಲ್ಲೇ

ಬಾನೆಟ್ ಮೇಲೆ ಬರೆದಿರುವ ಎಚ್‌ಪಿ ಎಂಜಿನ್ನಿನದು. ಸ್ಲ್ಯಾಶರ್‌ಗೆ ಸಿಗುವುದು ಪಿಟಿಒ ಎಚ್‌ಪಿ. ಅದು ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಪಾಲು ಕಡಿಮೆ. 24 ಎಚ್‌ಪಿ ಟ್ರಾಕ್ಟರ್ ಅಂದರೆ ಪಿಟಿಒದಲ್ಲಿ 20–21 ಅಂದುಕೊಳ್ಳಿ. ಸರಿಯಾದ ಅಂಕಿ ಟ್ರಾಕ್ಟರ್ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ.

ಇನ್ನು ಲೆಕ್ಕ ಸುಲಭ. ಒಂದು ಅಡಿ ಅಗಲಕ್ಕೆ ಪಿಟಿಒದಲ್ಲಿ 5 ಎಚ್‌ಪಿ ಬೇಕು. 20 ಇದ್ದರೆ 4 ಅಡಿ. 15–16 ಇದ್ದರೆ 3 ಅಡಿ. ಮೊಣಕಾಲೆತ್ತರದ ಮೆದು ಹುಲ್ಲನ್ನೇ ಯಾವಾಗಲೂ ಸವರುವವರು ಸ್ವಲ್ಪ ಆಚೀಚೆ ಮಾಡಬಹುದು. ಆದರೆ ಒಂದು ವರ್ಷ ಮಳೆ ಜಾಸ್ತಿಯಾಗಿ ಹುಲ್ಲು ಸೊಂಟಕ್ಕೆ ಬರುತ್ತದೆ. ಆಗ ದೊಡ್ಡ ಸ್ಲ್ಯಾಶರ್ ಎಂಜಿನ್ನನ್ನು ಏದುಸಿರು ಬಿಡಿಸುತ್ತದೆ. ಬ್ಲೇಡಿನ ವೇಗ ಬೀಳುತ್ತದೆ. ಹುಲ್ಲು ಕತ್ತರಿಸುವ ಬದಲು ಮಲಗುತ್ತದೆ. ಮಾರನೇ ದಿನ ನೋಡಿದರೆ ಎದ್ದು ನಿಂತಿರುತ್ತದೆ!

ನಾನು 24 ಎಚ್‌ಪಿ ಟ್ರಾಕ್ಟರ್‌ಗೆ 5 ಅಡಿಯದ್ದು ತಂದೆ. "ಬೇಗ ಕೆಲಸ ಮುಗಿಯುತ್ತೆ ಸಾರ್" ಅಂದರು, ನಂಬಿದೆ. ಎಷ್ಟು ಬೇಗ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಗಂಟೆಗೆ 4 ಕಿಲೋಮೀಟರ್ ಓಟ. ಪ್ರತಿ ಸಾಲಿಗೆ ಹತ್ತರಲ್ಲೊಂದು ಪಾಲು ಹಿಂದಿನ ಸಾಲಿನ ಮೇಲೆ ಹತ್ತಬೇಕು. ತಿರುಗಿಸುವುದಕ್ಕೆ ಹೋಗುವ ಹೊತ್ತು ಕಳೆದರೆ 4 ಅಡಿಯದ್ದು ಗಂಟೆಗೆ ಸುಮಾರು ಮುಕ್ಕಾಲು ಎಕರೆಗಿಂತ ಸ್ವಲ್ಪ ಹೆಚ್ಚು, 5 ಅಡಿಯದ್ದು ಒಂದು ಎಕರೆಗಿಂತ ಸ್ವಲ್ಪ ಹೆಚ್ಚು. ಐದು ಎಕರೆಗೆ ಉಳಿಯುವುದು ಒಂದು ಒಂದೂವರೆ ಗಂಟೆ. ಅದೂ ಟ್ರಾಕ್ಟರ್ ಅದೇ ವೇಗದಲ್ಲಿ ಎಳೆದರೆ. ನನ್ನದು ಎಳೆಯಲಿಲ್ಲ, ಎರಡನೇ ಗೇರಿನಿಂದ ಒಂದಕ್ಕೆ ಇಳಿಸಿ ಓಡಿಸಿದೆ. 4 ಅಡಿಯದ್ದನ್ನು ತಂದಿದ್ದರೇ ಬೇಗ ಮುಗಿಯುತ್ತಿತ್ತು.

ತೀರಾ ಕಿರಿದಾದದ್ದೂ ಬೇಡ. ಹಿಂದಿನ ಎರಡು ಟಯರಿನ ಹೊರಗಿನ ಅಂಚಿನಿಂದ ಅಂಚಿಗೆ ಟೇಪ್ ಹಿಡಿಯಿರಿ. ಸ್ಲ್ಯಾಶರ್ ಕನಿಷ್ಠ ಅಷ್ಟಾದರೂ ಅಗಲ ಇರಬೇಕು. ಇಲ್ಲದಿದ್ದರೆ ಟಯರ್ ತುಳಿದ ಹುಲ್ಲು ಹಾಗೇ ಉಳಿದು, ಹೊಲದ ತುಂಬ ಗೆರೆ ಎಳೆದ ಹಾಗೆ ಕಾಣುತ್ತದೆ.

3. ಕಲ್ಲುಕಂಬ ಉಳಿಸುವ ಬಿಡಿಭಾಗ

ಅದರ ಹೆಸರು ಓವರ್‌ರನ್ನಿಂಗ್ ಕ್ಲಚ್. ಸೈಕಲ್ಲಿನ ಫ್ರೀವೀಲ್ ಇದೆಯಲ್ಲ, ಅದೇ ತತ್ವ. ಪೆಡಲ್ ನಿಲ್ಲಿಸಿದರೂ ಚಕ್ರ ತಾನೇ ಸುತ್ತುತ್ತದೆ, ಪೆಡಲನ್ನು ಮಾತ್ರ ಎಳೆಯುವುದಿಲ್ಲ. ಇಲ್ಲೂ ಹಾಗೆಯೇ. ಟ್ರಾಕ್ಟರ್ ಬ್ಲೇಡನ್ನು ತಿರುಗಿಸಬಹುದು, ಬ್ಲೇಡು ಟ್ರಾಕ್ಟರನ್ನು ತಿರುಗಿಸಬಾರದು.

ಸಿಂಗಲ್ ಕ್ಲಚ್ ಇರುವ ಹಲವು ಮಿನಿ ಟ್ರಾಕ್ಟರ್‌ಗಳಲ್ಲಿ ಕ್ಲಚ್ ಒತ್ತಿದರೆ ಎಂಜಿನ್ ಮಾತ್ರ ಬೇರೆಯಾಗುತ್ತದೆ. ಪಿಟಿಒ ಮತ್ತು ಚಕ್ರ ಒಳಗೆ ಗೇರುಗಳಿಂದ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಬ್ಲೇಡುಗಳು ಭಾರ, ಓಡುತ್ತಿರುವ ಓಟಕ್ಕೆ ತಕ್ಷಣ ನಿಲ್ಲುವುದಿಲ್ಲ. ಆ ಓಟವೇ ಚಕ್ರ ಉರುಳಿಸುತ್ತದೆ. ಪಿಟಿಒಗೆ ಬೇರೆ ಕ್ಲಚ್ ಇರುವ ಟ್ರಾಕ್ಟರ್‌ನಲ್ಲಿ ಈ ತೊಂದರೆ ಇಲ್ಲ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಸಿಂಗಲ್ ಕ್ಲಚ್ ಆದರೆ ಈ ಬಿಡಿಭಾಗ ಇಲ್ಲದೆ ಸ್ಲ್ಯಾಶರ್ ಮನೆಗೆ ತರಬೇಡಿ. ಕೆಲವು ಸ್ಲ್ಯಾಶರ್‌ಗಳ ಶಾಫ್ಟಿನಲ್ಲೇ ಇರುತ್ತದೆ. ಇಲ್ಲದಿದ್ದರೆ ಪಿಟಿಒ ತುದಿಗೆ ಪ್ರತ್ಯೇಕವಾಗಿ ಸಿಕ್ಕಿಸುವಂಥದ್ದು ಸಿಗುತ್ತದೆ.

ಇದರ ಜೊತೆ ಇನ್ನೊಂದು ರಕ್ಷಣೆ ನೋಡಬೇಕು. ಬ್ಲೇಡು ಬಂಡೆಗೋ ಹುತ್ತಕ್ಕೋ ಬಡಿದಾಗ ಆ ಪೆಟ್ಟು ಗೇರ್‌ಬಾಕ್ಸಿಗೆ ಹೋಗಬಾರದು. ಅದಕ್ಕೆ ಎರಡು ದಾರಿ. ಒಂದು ಶಿಯರ್ ಬೋಲ್ಟ್: ಪೆಟ್ಟು ಬಿದ್ದಾಗ ಅದು ತುಂಡಾಗಿ ಉಳಿದದ್ದನ್ನು ಉಳಿಸುತ್ತದೆ. ಇನ್ನೊಂದು ಸ್ಲಿಪ್ ಕ್ಲಚ್: ಜಾರಿ, ಮತ್ತೆ ಹಿಡಿಯುತ್ತದೆ. ಕಲ್ಲು ಜಾಸ್ತಿ ಇರುವ ಜಮೀನಾದರೆ ಸ್ಲಿಪ್ ಕ್ಲಚ್ ಒಳ್ಳೆಯದು. ಆದರೆ ಮಳೆಗಾಲವೆಲ್ಲ ಬಯಲಲ್ಲಿ ನಿಂತರೆ ಅದರ ತಟ್ಟೆಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ವರ್ಷಕ್ಕೊಮ್ಮೆ ಸಡಿಲಿಸಿ, ಜಾರಿಸಿ, ಮತ್ತೆ ಬಿಗಿಯಬೇಕು. ಈ ಉಸಾಬರಿ ಬೇಡ ಅನ್ನುವವರಿಗೆ ಶಿಯರ್ ಬೋಲ್ಟೇ ಸಾಕು, ನಾಲ್ಕಾರು ಬೋಲ್ಟು ಟೂಲ್ ಡಬ್ಬಿಯಲ್ಲಿರಲಿ. ಪದೇ ಪದೇ ಮುರಿಯುತ್ತದೆ ಅಂತ ಗಟ್ಟಿ ಬೋಲ್ಟ್ ಹಾಕಿಸುವವರನ್ನು ನೋಡಿದ್ದೇನೆ. ಅದು ಮುರಿಯಲಿಕ್ಕೆಂದೇ ಇರುವ ಬೋಲ್ಟು ಕಣ್ರೀ! ಅದು ಮುರಿಯದಿದ್ದರೆ ಗೇರು ಮುರಿಯುತ್ತದೆ.

4. ಹಿಚ್, ತೂಕ, ವೇಗ

ಮಿನಿ ಟ್ರಾಕ್ಟರ್‌ಗಳ ಹಿಚ್, ಅಂದರೆ ಹಿಂದೆ ಯಂತ್ರ ಸಿಕ್ಕಿಸುವ ಜೋಡಣೆ, ಸಾಮಾನ್ಯವಾಗಿ ಕೆಟಗರಿ 1 ಅಥವಾ ಅದಕ್ಕಿಂತ ಕಿರಿದಾದ 1 ಎನ್. ಕೆಳಗಿನ ಪಿನ್ 22 ಎಂಎಂ ದಪ್ಪ. ದೊಡ್ಡ ಟ್ರಾಕ್ಟರ್‌ಗೆ ಮಾಡಿದ ಸ್ಲ್ಯಾಶರ್‌ನಲ್ಲಿ 28 ಎಂಎಂ ಪಿನ್ ಇರುತ್ತದೆ. "ಪಿನ್ ಬದಲಿಸಿ ಕೂರಿಸಿಕೊಡ್ತೀವಿ" ಅಂದರೆ ಒಪ್ಪಬೇಡಿ, ಆ ಯಂತ್ರವೇ ನಿಮ್ಮ ಅಳತೆಯದಲ್ಲ.

ಟ್ರಾಕ್ಟರ್ ಎಷ್ಟು ಕೆಜಿ ಎತ್ತುತ್ತದೆ ಅನ್ನುವುದಕ್ಕಿಂತ ಎತ್ತಿದಾಗ ಮುಂದಿನ ಚಕ್ರ ನೆಲ ಕಚ್ಚಿರುತ್ತದೆಯೇ ಅನ್ನುವುದು ಮುಖ್ಯ. ಅಂಗಡಿಯಲ್ಲೇ ಜೋಡಿಸಿ ಪೂರ್ತಿ ಎತ್ತಿಸಿ. ಸ್ಟೀರಿಂಗ್ ಬೆಣ್ಣೆಯಂತೆ ತಿರುಗಿದರೆ ಖುಷಿಪಡಬೇಡಿ, ಮೂತಿ ಹಗುರಾಗಿದೆ ಅಂತ ಅರ್ಥ. ಮುಂದೆ ತೂಕ ಹಾಕಿಸಬೇಕು. ಕೆರೆ ಏರಿ, ಬದು ಹತ್ತುವವರು ಇದನ್ನು ಮರೆಯಲೇಬಾರದು.

ಹಿಚ್ಚಿನ ಮೇಲಿನ ತೋಳು, ಅಂದರೆ ಟಾಪ್ ಲಿಂಕ್, ಕೂಡುವ ಜಾಗದಲ್ಲಿ ಹಿಂದೆ ಮುಂದೆ ಆಡುವ ಪಟ್ಟಿಯೋ ಚೈನೋ ಇದ್ದರೆ ಒಳ್ಳೆಯದು. ನೆಲದ ಏರುಪೇರಿಗೆ ಸ್ಲ್ಯಾಶರ್ ತಾನೇ ಹೊಂದಿಕೊಳ್ಳುತ್ತದೆ.

ಕೆಲವು ಮಿನಿ ಟ್ರಾಕ್ಟರ್‌ಗಳಲ್ಲಿ ಪಿಟಿಒಗೆ ಎರಡು ವೇಗವಿದೆ. ಸ್ಲ್ಯಾಶರ್ 540 ಆರ್‌ಪಿಎಂಗೆ (ನಿಮಿಷಕ್ಕೆ 540 ಸುತ್ತಿಗೆ) ಮಾಡಿದ್ದಾದರೆ 540ರಲ್ಲೇ ಓಡಿಸಿ. ಗೇರ್‌ಬಾಕ್ಸ್ ಅದನ್ನು ಬ್ಲೇಡಿಗೆ ಹೆಚ್ಚಿಸಿ ಕೊಡುತ್ತದೆ. 4 ಅಡಿಯ ಸ್ಲ್ಯಾಶರ್‌ನ ಬ್ಲೇಡು ನಿಮಿಷಕ್ಕೆ ಸುಮಾರು ಸಾವಿರ ಸುತ್ತು ಸುತ್ತಿದರೆ ಅದರ ತುದಿಯ ವೇಗ ಗಂಟೆಗೆ 225 ಕಿಲೋಮೀಟರ್ ದಾಟುತ್ತದೆ. ಅದನ್ನು ಇನ್ನೂ ಹೆಚ್ಚಿಸುವ ಆಸೆ ಬೇಡ.

5. ಅಂಗಡಿಯಲ್ಲಿ ಕಣ್ಣು ಎಲ್ಲಿರಬೇಕು

ಸ್ಲ್ಯಾಶರ್ ಎತ್ತಿಸಿ, ಕೆಳಗೆ ಮರದ ದಿಮ್ಮಿ ಕೊಡಿಸಿ, ಎಂಜಿನ್ ಆರಿಸಿ, ಆಮೇಲೆ ಬಗ್ಗಿ ನೋಡಿ. ಬರಿಯ ಹೈಡ್ರಾಲಿಕ್ ನಂಬಿ ತಲೆ ಒಳಗೆ ಹಾಕಬೇಡಿ.

ಬ್ಲೇಡುಗಳು ಒಂದೊಂದು ಬೋಲ್ಟಿನ ಮೇಲೆ ಕೈಯಲ್ಲಿ ತಳ್ಳಿದರೆ ತಿರುಗಬೇಕು. ಕಲ್ಲು ಸಿಕ್ಕಾಗ ಹಿಂದಕ್ಕೆ ಮಡಚಿಕೊಳ್ಳಲು ಈ ಸಡಿಲ. ನಡುವೆ ಮಗುಚಿದ ಬಾಣಲೆಯಂಥ ತಟ್ಟೆ ಇದೆಯೇ ನೋಡಿ. ಮೋಟು, ಕಲ್ಲು ಸಿಕ್ಕರೆ ಆ ಬಾಣಲೆ ಅದರ ಮೇಲೆ ಜಾರಿಹೋಗುತ್ತದೆ, ಇಲ್ಲದಿದ್ದರೆ ಪೆಟ್ಟು ನೇರ ಗೇರ್‌ಬಾಕ್ಸಿನ ಕೆಳಗಿನ ಶಾಫ್ಟಿಗೆ. ನಮ್ಮ ಕಡೆ ಇನ್ನೊಂದು ಶತ್ರು ಇದೆ: ಡ್ರಿಪ್ ಪೈಪು. ಹುಲ್ಲಲ್ಲಿ ಅಡಗಿದ ಹಳೇ ಪೈಪು ಒಂದು ಸಲ ಸಿಕ್ಕರೆ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ತಿಂದುಬಿಡುತ್ತದೆ. ಸೀಲಿನ ಸುತ್ತ ಉಂಗುರದಂಥ ಕವಚ ಇರುವುದನ್ನು ಆರಿಸಿ.

ಗೇರ್‌ಬಾಕ್ಸ್ ಎಷ್ಟು ಎಚ್‌ಪಿಯದ್ದು ಅಂತ ಕೇಳಿ. 20–25 ಎಚ್‌ಪಿ ಟ್ರಾಕ್ಟರ್‌ಗೆ 40 ಎಚ್‌ಪಿಯ ಗೇರ್‌ಬಾಕ್ಸ್ ಇದ್ದರೆ ನೆಮ್ಮದಿ. ಮೇಲಿನ ತಗಡಿನ ಮೇಲೆ ಹತ್ತಿ ನಿಂತು ನೋಡಿ, ಡಬಡಬ ಅಂದರೆ ತೆಳು. ಮುಂದೆ ಹಿಂದೆ ಎರಡೂ ಕಡೆ ಚೈನ್ ಪರದೆ ಇರಲೇಬೇಕು. ಚೈನ್ ಇಲ್ಲದ ಸ್ಲ್ಯಾಶರ್ ಕವಣೆ ಇದ್ದ ಹಾಗೆ. ಚೈನ್ ಇದ್ದರೂ ಕಲ್ಲು ಹಾರುತ್ತದೆ. ನೂರು ಮೀಟರ್ ಸುತ್ತ ಮಕ್ಕಳು, ದನ ಇರಬಾರದು.

ಬ್ಲೇಡ್, ಬ್ಲೇಡ್ ಬೋಲ್ಟ್, ಸೀಲ್ ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ? ಎರಡು ಜಿಲ್ಲೆ ದಾಟಿ ತರಿಸಬೇಕಾದರೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಸಹಾಯಧನ ಸಿಗುತ್ತದೆಯೇ, ಯಾವ ಮಾದರಿಗೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಕೇಳಿ. ಬಿಲ್ ಮಾಡಿಸಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಹತ್ತಿರದ ಕೃಷಿ ಯಂತ್ರಧಾರೆಯಲ್ಲಿ ಸ್ಲ್ಯಾಶರ್ ಬಾಡಿಗೆಗೆ ಸಿಕ್ಕರಂತೂ ಒಂದು ದಿನ ನಿಮ್ಮ ನೆಲದಲ್ಲೇ ಓಡಿಸಿ ನೋಡಿ.

6. ಮನೆಗೆ ತಂದ ಮೇಲೆ

ಟ್ರಾಕ್ಟರನ್ನೂ ಸ್ಲ್ಯಾಶರನ್ನೂ ಕೂಡಿಸುವ ಶಾಫ್ಟ್ ಒಂದರೊಳಗೊಂದು ಜಾರುವ ಎರಡು ಕೊಳವೆ. ಅದರ ಉದ್ದ ನಿಮ್ಮ ಟ್ರಾಕ್ಟರ್‌ಗೆ ಸರಿಹೊಂದಬೇಕು. ಸ್ಲ್ಯಾಶರ್ ಎತ್ತುತ್ತಾ ಇಳಿಸುತ್ತಾ ನೋಡಿ. ತೀರಾ ಮುಚ್ಚಿಕೊಂಡಾಗ ಒಳಗಿನ ಕೊಳವೆ ಕೊನೆಗೆ ತಾಗಬಾರದು, ತೀರಾ ಚಾಚಿದಾಗ ಮೂರರಲ್ಲೊಂದು ಪಾಲಾದರೂ ಒಂದರೊಳಗೊಂದು ಇರಬೇಕು. ಓವರ್‌ರನ್ನಿಂಗ್ ಕ್ಲಚ್ ಆಮೇಲೆ ಹಾಕಿಸಿದರೆ ನಾಲ್ಕೈದು ಇಂಚು ಹೆಚ್ಚುತ್ತದೆ, ಆಗ ಶಾಫ್ಟ್ ಕೊಯ್ಯಿಸಬೇಕಾಗುತ್ತದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಕಿತ್ತೆಸೆಯಬೇಡಿ. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಚುಂಗೋ ಹೆಗಲ ಟವೆಲ್ಲೋ ಸಿಕ್ಕರೆ ಬಿಡಿಸಿಕೊಳ್ಳಲು ಹೊತ್ತಿರುವುದಿಲ್ಲ. ಈ ಕೆಲಸಕ್ಕೆ ಪ್ಯಾಂಟು, ತುಂಬು ತೋಳಿನ ಅಂಗಿ. ಕಾಂಗ್ರೆಸ್ ಗಿಡದ ತುರಿಕೆಗೂ ಅದೇ ಮದ್ದು.

ಗೇರ್‌ಬಾಕ್ಸಿನಲ್ಲಿ ಎಣ್ಣೆ ಇದೆಯೇ ನೀವೇ ನೋಡಿ. ಕೆಲವು ಖಾಲಿಯೇ ಬರುತ್ತವೆ. ಸಾಮಾನ್ಯವಾಗಿ 90 ನಂಬರ್ ಗೇರ್ ಆಯಿಲ್. ಹುಲ್ಲು ಕತ್ತರಿಸುವ ಎತ್ತರ ಮೂರು ನಾಲ್ಕು ಇಂಚಿಗೆ ಇಟ್ಟುಕೊಳ್ಳಿ. ನೆಲಕ್ಕೆ ಹತ್ತಿ ಸವರಿದರೆ ಹುಲ್ಲು ಸುಸ್ತಾಗುತ್ತದೆ, ಬ್ಲೇಡು ಮಣ್ಣು ತಿನ್ನುತ್ತದೆ. ಸ್ಲ್ಯಾಶರಿನ ಹಿಂಬದಿಯ ಚಕ್ರ ಸರಿಮಾಡಿ, ಅದರ ಮುಂಭಾಗ ಹಿಂಭಾಗಕ್ಕಿಂತ ಅರ್ಧ ಇಂಚು ತಗ್ಗಿರಲಿ.

ಬ್ಲೇಡು ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಸಾಣೆ ಹಿಡಿಸಿದ ಮೇಲೆ ತೂಕ ನೋಡಿ. ನಾನು ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗುತ್ತೇನೆ. ಒಂದು ಭಾರ ಒಂದು ಹಗುರ ಆದರೆ ಇಡೀ ಯಂತ್ರ ನಡುಗಿ ಬೇರಿಂಗ್ ಹೋಗುತ್ತದೆ.

ಮೊದಲ ಒಂದು ಗಂಟೆ ಓಡಿಸಿ ನಿಲ್ಲಿಸಿ. ಎಂಜಿನ್ ಆರಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಸ್ಪ್ಯಾನರ್ ಹಿಡಿದು ಎಲ್ಲ ಬೋಲ್ಟನ್ನೂ ಮುಟ್ಟಿ ನೋಡಿ. ಈಗ ನನ್ನ ಹತ್ತಿರ ಇರುವುದು 4 ಅಡಿಯದ್ದು, ಹೊಚ್ಚ ಹೊಸದೇ ತಂದದ್ದು. ಮೊದಲ ಗಂಟೆಯ ಮೇಲೆ ಗೇರ್‌ಬಾಕ್ಸಿನ ನಾಲ್ಕು ಬೋಲ್ಟಿನಲ್ಲಿ ಎರಡು ಅರ್ಧ ಸುತ್ತು ತಿರುಗಿದವು.