ದೋಸೆ ಪಂದ್ಯ ಗೆಲ್ಲುವುದು ಹೇಗೆ: ಅಮೆರಿಕದ ಪ್ರೈಮರಿಗೆ ಯಾರು ನಿಲ್ಲುತ್ತಾರೆಂದು ಊಹಿಸುವ ಬಗೆ

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿ ನಾವು ಐದು ಕನ್ನಡದ ಮನೆಯವರು ನಾಲ್ಕು ವರ್ಷಕ್ಕೊಮ್ಮೆ ಒಂದು ಪಂದ್ಯ ಕಟ್ಟುತ್ತೇವೆ. ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಂತರ ಚುನಾವಣೆ ಮುಗಿದ ಭಾನುವಾರ, ಮುಂದಿನ ಅಧ್ಯಕ್ಷೀಯ ಪ್ರೈಮರಿಗೆ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ ಅದು) ಯಾರ್ಯಾರು ನಿಲ್ಲುತ್ತಾರೆಂದು ಹತ್ತು ಹೆಸರು ಬರೆದು ಕವರಿಗೆ ಹಾಕಿ ಅಂಟಿಸಬೇಕು. ಕಡಿಮೆ ಅಂಕದವರ ಮನೆಯಲ್ಲಿ ಎಲ್ಲರಿಗೂ ಮಸಾಲೆ ದೋಸೆ. ನಾನು ಎರಡು ಸಲ ಹಿಟ್ಟು ರುಬ್ಬಿದ್ದೇನೆ, ಒಂದು ಸಲ ಗೆದ್ದಿದ್ದೇನೆ.

ಸೋತದ್ದು ಬಾಯಿಮಾತು ನಂಬಿ. ಟ್ರಂಪ್ ನಿಂತರೆ ತಾನು ನಿಲ್ಲುವುದಿಲ್ಲ ಎಂದು ಸೌತ್ ಕ್ಯಾರೊಲಿನಾದ ಮಾಜಿ ಗವರ್ನರ್ ನಿಕ್ಕಿ ಹೇಲಿ 2021ರ ಏಪ್ರಿಲ್‌ನಲ್ಲಿ ಹೇಳಿದ್ದರು. ನಾನು ಅವರ ಹೆಸರು ಹೊಡೆದುಹಾಕಿದೆ. 2023ರ ಫೆಬ್ರವರಿಯಲ್ಲಿ ನಿಂತೇಬಿಟ್ಟರು. ಅದಕ್ಕೂ ಮೊದಲು, 2014ರ ಪಟ್ಟಿಯಲ್ಲಿ ಟ್ರಂಪ್ ಹೆಸರೇ ಇರಲಿಲ್ಲ. 2011ರಲ್ಲಿ ತಿಂಗಳುಗಟ್ಟಲೆ ಸುಳಿವು ಕೊಟ್ಟು ಮೇನಲ್ಲಿ ಹಿಂದೆ ಸರಿದವರು ಈ ಸಲವೂ ಅಷ್ಟೇ ಅಂದುಕೊಂಡಿದ್ದೆ. ‘ನಾನು ಮುಖ್ಯಮಂತ್ರಿ ಸ್ಥಾನದ ಆಕಾಂಕ್ಷಿ ಅಲ್ಲ’ ಅನ್ನುವವರನ್ನು ನೋಡುತ್ತಲೇ ದಾವಣಗೆರೆಯಲ್ಲಿ ಬೆಳೆದವನಿಗೆ ಇಷ್ಟು ಗೊತ್ತಾಗಬೇಡವೇ?

‘ಇಲ್ಲ’ ಅನ್ನುವುದರಲ್ಲಿ ನಂಬಬಹುದಾದ ಬಗೆ ಒಂದೇ. 1884ರಲ್ಲಿ ಜನರಲ್ ಶೆರ್ಮನ್ ಹೇಳಿದ ರೀತಿಯದು: ಅಭ್ಯರ್ಥಿ ಮಾಡಿದರೆ ಒಪ್ಪುವುದಿಲ್ಲ, ಗೆಲ್ಲಿಸಿದರೆ ಕೆಲಸ ಮಾಡುವುದಿಲ್ಲ. ಇದಕ್ಕಿಂತ ಒಂದು ಗುಲಗಂಜಿ ಕಡಿಮೆಯಾದರೂ ಬಾಗಿಲಿಗೆ ಚಿಲಕ ಬಿದ್ದಿಲ್ಲ ಅಂತಲೇ ಲೆಕ್ಕ. ಸೆನೆಟ್ ಅವಧಿ ಪೂರ್ತಿ ಮುಗಿಸುತ್ತೇನೆಂದು 2006ರ ಜನವರಿಯಲ್ಲಿ ಟೀವಿಯಲ್ಲಿ ಹೇಳಿದ ಒಬಾಮ, ಸೆಪ್ಟೆಂಬರ್ ಹೊತ್ತಿಗೆ ಅಯೋವದ ಇಂಡಿಯಾನೋಲಾದಲ್ಲಿ ಪಕ್ಷದವರ ಸ್ಟೀಕ್ ಊಟದಲ್ಲಿ ಭಾಷಣ ಮಾಡುತ್ತಿದ್ದರು. ಮುಂದಿನ ಫೆಬ್ರವರಿಗೆ ಘೋಷಣೆ.

ಆದ್ದರಿಂದ ಕಾಲು ಎಲ್ಲಿಗೆ ಹೋಗುತ್ತದೆ ನೋಡಿ. ಅಯೋವ, ನಮ್ಮ ನ್ಯೂ ಹ್ಯಾಂಪ್‌ಶೈರ್, ಸೌತ್ ಕ್ಯಾರೊಲಿನಾ ಅಭ್ಯರ್ಥಿಯನ್ನು ಆರಿಸಲು ಮೊದಮೊದಲು ಮತ ಹಾಕುತ್ತಾ ಬಂದ ರಾಜ್ಯಗಳು. ನಮ್ಮ ರಾಜ್ಯಕ್ಕೆ ಅಕ್ಟೋಬರಿನಲ್ಲಿ ಎಲೆಗಳ ಬಣ್ಣ ನೋಡಲು ಜನ ಬರುತ್ತಾರೆ. ಫೆಬ್ರವರಿಯ ಹಿಮದಲ್ಲಿ ಎಲ್ಲಿಯದೋ ಸೆನೆಟರ್ ಬಂದು ಡೈನರ್‌ನಲ್ಲಿ ಪ್ಯಾನ್‌ಕೇಕ್ ತಿಂದರೆ, ಸೇಂಟ್ ಆನ್ಸೆಲ್ಮ್ ಕಾಲೇಜಿನಲ್ಲಿ ಉಪಾಹಾರಕ್ಕೆ ಕೂತು ಮರದ ಮೊಟ್ಟೆಗಳ ಮೇಲೆ ಸಹಿ ಹಾಕಿದರೆ, ಬರೆದುಕೊಳ್ಳಿ. (ಮರದ ಮೊಟ್ಟೆ ಇಲ್ಲಿಯ ಹಳೇ ಸಂಪ್ರದಾಯ.) ಕ್ಯಾಲಿಫೋರ್ನಿಯಾದ ಗವರ್ನರ್ ನ್ಯೂಸಮ್ 2025ರ ಜುಲೈ ಸೆಕೆಯಲ್ಲಿ ಸೌತ್ ಕ್ಯಾರೊಲಿನಾದ ಹಳ್ಳಿ ಕಡೆ ತಿರುಗಿದರು. ಅವರ ಗವರ್ನರ್ ಅವಧಿ 2027ರ ಜನವರಿಗೆ ಮುಗಿಯುತ್ತದೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.

ಆಮೇಲೆ ‘ಒಂದು ವೇಳೆ’ ಅನ್ನುವ ಪದಕ್ಕೆ ಕಿವಿಗೊಡಿ. 5,000 ಡಾಲರ್‌ಗಿಂತ ಹೆಚ್ಚು ಚಂದಾ ಎತ್ತಿ ಅಥವಾ ಖರ್ಚು ಮಾಡಿ ಪ್ರಚಾರಕ್ಕಿಳಿದವರು ಕಾನೂನಿನ ಕಣ್ಣಿಗೆ ಅಭ್ಯರ್ಥಿ. 15 ದಿನದೊಳಗೆ ಫೆಡರಲ್ ಚುನಾವಣಾ ಆಯೋಗಕ್ಕೆ ಪತ್ರ ಕೊಡಬೇಕು. ಬರೀ ನೀರಿನ ಆಳ ನೋಡುವವರಿಗೆ, ಅಂದರೆ ಸಮೀಕ್ಷೆ ಮಾಡಿಸುವವರಿಗೆ, ಓಡಾಡುವವರಿಗೆ, ರಿಯಾಯಿತಿ ಇದೆ. ‘ನಾನು ನಿಂತರೆ’ ಎಂದು ಜೋಪಾನವಾಗಿ ನುಡಿಯುತ್ತಿದ್ದಾರೆಂದರೆ ಪಕ್ಕದಲ್ಲಿ ವಕೀಲರಿದ್ದಾರೆಂದು ತಿಳಿಯಿರಿ. ಆತ್ಮಕಥೆ ಬಂದರಂತೂ ಕೇಳುವುದೇ ಬೇಡ. ಕಮಲಾ ಹ್ಯಾರಿಸ್ ಪುಸ್ತಕ ಹೊರಬಂದದ್ದು 2019ರ ಜನವರಿ 8ಕ್ಕೆ, ಘೋಷಣೆ 21ಕ್ಕೆ.

ಸೋಲುತ್ತೇನೆಂದು ಗೊತ್ತಿದ್ದೂ ಯಾಕೆ ನಿಲ್ಲುತ್ತಾರೆ ಎಂದು ನನ್ನ ಹೆಂಡತಿ ಪ್ರತಿ ಸಲ ಕೇಳುತ್ತಾಳೆ. ಪಟ್ಟಿ ಉದ್ದವಾಗುವ ಗುಟ್ಟೇ ಅಲ್ಲಿರುವುದು. ಹ್ಯಾರಿಸ್ ಒಂದೇ ಒಂದು ಮತ ಬೀಳುವ ಮೊದಲೇ 2019ರ ಡಿಸೆಂಬರ್‌ನಲ್ಲಿ ಕಣ ಬಿಟ್ಟರು, ಉಪಾಧ್ಯಕ್ಷೆಯಾದರು. ಸೌತ್ ಬೆಂಡ್ ಎಂಬ ಊರಿನ ಮೇಯರ್ ಬೂಟಿಜೆಜ್ ಸಾರಿಗೆ ಮಂತ್ರಿಯಾದರು. ಜೊತೆಗೆ ಬಾಗಿಲೂ ಅಗಲವಾಗಿತ್ತು: ಆ ವರ್ಷ ಡೆಮಾಕ್ರಟರ ಮೊದಲ ಚರ್ಚೆಗೆ ಅರ್ಹರಾಗಲು ಮೂರು ಸಮೀಕ್ಷೆಗಳಲ್ಲಿ ಶೇ. 1 ಬೆಂಬಲ, ಇಲ್ಲವೇ 65,000 ದಾನಿಗಳು ಸಾಕಿತ್ತು. ಮಯಾಮಿಯಲ್ಲಿ ಎರಡು ರಾತ್ರಿ ಇಪ್ಪತ್ತು ಜನ ನಿಂತರು. 2016ಕ್ಕೆ ರಿಪಬ್ಲಿಕನ್ನರಲ್ಲಿ ಪ್ರಮುಖರೇ 17 ಮಂದಿ. ಪಕ್ಷದಿಂದ ಹಾಲಿ ಅಧ್ಯಕ್ಷರು ಕಣದಲ್ಲಿಲ್ಲದ ವರ್ಷ, ಹಾಗಾಗಿ, ಚಿಕ್ಕ ಹೆಸರುಗಳನ್ನು ಧೈರ್ಯವಾಗಿ ಬರೆಯಿರಿ.

ಕೈ ಕೊಡುವುದು ದೊಡ್ಡವರೇ. 1991ರ ಡಿಸೆಂಬರ್ 20ರಂದು ನ್ಯೂಯಾರ್ಕ್ ಗವರ್ನರ್ ಮಾರಿಯೊ ಕ್ಯುಮೊ ಅವರನ್ನು ನಮ್ಮ ರಾಜ್ಯಕ್ಕೆ ಕರೆತರಲು ಆಲ್ಬನಿಯಲ್ಲಿ ವಿಮಾನ ಕಾದು ನಿಂತಿತ್ತು. ನಾಮಪತ್ರಕ್ಕೆ ಅವತ್ತೇ ಕೊನೆ ದಿನ. ಅವರು ಹತ್ತಲೇ ಇಲ್ಲ. 2015ರಲ್ಲಿ ಬೈಡನ್ ಅಕ್ಟೋಬರ್‌ವರೆಗೆ ಎಳೆದು ಇಲ್ಲ ಎಂದರು. ಇಂಥವರಿಗೆ ನಿಮ್ಮ ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಜಾಗ ಕೊಡಬೇಡಿ.

ಇನ್ನು ‘ನಿಲ್ಲುವುದು’ ಅಂದರೇನು ಎಂಬುದನ್ನು ಕವರ್ ಅಂಟಿಸುವ ಮೊದಲೇ ತೀರ್ಮಾನಿಸಿಕೊಳ್ಳಿ. 2018ರ ಪಟ್ಟಿಯಲ್ಲಿ ನನ್ನ ಷಡ್ಡಕ, ನ್ಯೂಯಾರ್ಕಿನ ಮಾಜಿ ಮೇಯರ್ ಬ್ಲೂಮ್‌ಬರ್ಗ್ ಅವರ ಹೆಸರು ಬರೆದಿದ್ದರು. ಆಸಾಮಿ 2019ರ ಮಾರ್ಚ್‌ನಲ್ಲಿ ಇಲ್ಲ ಎಂದು, ನವೆಂಬರ್ 24ಕ್ಕೆ ನಿಂತರು. ಅಷ್ಟರಲ್ಲಿ ಇಲ್ಲಿ 1,000 ಡಾಲರ್ ಕಟ್ಟಿ ನಾಮಪತ್ರ ಕೊಡುವ ಗಡುವು ಮುಗಿದು ಹತ್ತಿರ ಹತ್ತಿರ ಹತ್ತು ದಿನವಾಗಿತ್ತು. ನಮ್ಮ ಮತಪತ್ರದಲ್ಲೇ ಇಲ್ಲದವರಿಗೆ ಅಂಕ ಎಲ್ಲಿಯದು ಎಂದು ನಾನು ವಾದಿಸಿದೆ. ಪಂಚಾಯಿತಿ ಸೇರಿ ಮೂರಕ್ಕೆ ಎರಡರಂತೆ ನನ್ನ ಪರ ತೀರ್ಪಾಯಿತು. ಆ ಒಂದು ಅಂಕದಲ್ಲಿ ಗೆದ್ದೆ. ಷಡ್ಡಕರು ದೋಸೆ ಹೊಯ್ದು ಬಡಿಸಿದರು, ಆದರೆ ಪಲ್ಯ ಮಾತ್ರ ಮಾಡಿರಲಿಲ್ಲ.