ಗೆರೆಯಂಚಲ್ಲಿ ಬಿಳಿ ಉಳಿಸದ ಪೇಂಟ್ ಬಕೆಟ್ ಮಾಡುವುದು ಹೇಗೆ?

ಚಿತ್ರ ಬಿಡಿಸುವ ಆ್ಯಪ್‌ಗಳಲ್ಲಿ ಬಕೆಟ್ ಚಿತ್ರವಿರುವ ಆ ಬಟನ್ ನಿಮಗೆ ಗೊತ್ತೇ ಇದೆ. ಒಂದು ಕಡೆ ಕ್ಲಿಕ್ ಮಾಡಿದರೆ ಗೆರೆಯೊಳಗೆಲ್ಲ ಬಣ್ಣ ತುಂಬುತ್ತದೆ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿಗೆ 1984ರಲ್ಲಿ ಬಂದ ಚಿತ್ರ ಬಿಡಿಸುವ ಪ್ರೋಗ್ರಾಂ ಮ್ಯಾಕ್‌ಪೇಂಟ್‌ನಲ್ಲೇ ಇದು ಇತ್ತು. ಇದರ ಕೋಡ್ ಚಿಕ್ಕದು. ಆದರೆ ಚಿತ್ರ ಬಿಡಿಸುವವರು ಬೇಸರವಿಲ್ಲದೆ ದಿನಾ ಬಳಸುವಂಥ ಬಕೆಟ್ ಬೇಕಾದರೆ ಜಾಸ್ತಿ ಕೆಲಸ ಇದೆ.

ಮೊದಲು, ಕ್ಲಿಕ್ ಮಾಡಿದ ಪಿಕ್ಸೆಲ್‌ನ ಬಣ್ಣ ನೆನಪಿಟ್ಟುಕೊಳ್ಳಿ. ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅದೇ ಬಣ್ಣ ಇದ್ದರೆ ಅವನ್ನೂ ಸೇರಿಸಿ, ಆಮೇಲೆ ಅವುಗಳ ಅಕ್ಕಪಕ್ಕ ನೋಡಿ, ಹೀಗೇ ಮುಂದುವರಿಯಿರಿ. ಮೂಲೆಗಳಿಗೆ ಹೋಗಬೇಡಿ. ಒಂದೇ ಪಿಕ್ಸೆಲ್ ದಪ್ಪದ ಓರೆ ಗೆರೆಯಲ್ಲಿ ಪಿಕ್ಸೆಲ್‌ಗಳು ಮೂಲೆಯಲ್ಲಷ್ಟೇ ತಾಗಿರುತ್ತವೆ, ಅಲ್ಲಿಂದ ಬಣ್ಣ ಆಚೆ ಸೋರಿಬಿಡುತ್ತದೆ.

ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯುವ ಹಾಗೆ ಬರೆಯಬೇಡಿ. 1920×1080 ಚಿತ್ರದಲ್ಲೇ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಇವೆ, ಪೈಥಾನ್ ಭಾಷೆಯಲ್ಲಾದರೆ ಇಂಥ ಸುಮಾರು 1000 ಕರೆಗೇ ಪ್ರೋಗ್ರಾಂ ನಿಂತುಬಿಡುತ್ತದೆ. ಒಂದು ಕ್ಯೂ, ಅಂದರೆ ಇನ್ನೂ ನೋಡಬೇಕಾದ ಪಿಕ್ಸೆಲ್‌ಗಳ ಸರದಿ ಪಟ್ಟಿ, ಇಟ್ಟುಕೊಳ್ಳಿ. ಒಂದು ಸಾಲನ್ನು ಎಡದಿಂದ ಬಲಕ್ಕೆ ಪೂರ್ತಿ ತುಂಬಿ, ನಂತರ ಮೇಲಿನ, ಕೆಳಗಿನ ಸಾಲು ನೋಡಿದರೆ ಇನ್ನೂ ವೇಗ.

ಬಣ್ಣವನ್ನು ನೇರವಾಗಿ ಚಿತ್ರಕ್ಕೆ ಬಳಿಯಬೇಡಿ, ಮೊದಲು ಬೇರೆ ಮಾಸ್ಕ್‌ನಲ್ಲಿ (ಯಾವ ಪಿಕ್ಸೆಲ್‌ಗೆ ಬಣ್ಣ ಬೇಕು ಅಂತ ಮಾತ್ರ ಹೇಳುವ ನಕ್ಷೆಯಲ್ಲಿ) ಗುರುತು ಹಾಕಿ. ಇದು ಯಾಕೆ ಬೇಕು ಅಂತ ಈಗಲೇ ಗೊತ್ತಾಗುತ್ತದೆ.

ಟಾಲರೆನ್ಸ್ ಅಂದರೆ ಎಷ್ಟು ಬೇರೆ ಬಣ್ಣವನ್ನು 'ಅದೇ' ಅಂತ ಒಪ್ಪಬೇಕು ಅನ್ನುವುದು. ಹೋಲಿಸುವುದು ಕ್ಲಿಕ್ ಮಾಡಿದ ಬಣ್ಣಕ್ಕೇ ಇರಲಿ. ಪಕ್ಕದ ಪಿಕ್ಸೆಲ್‌ಗೆ ಹೋಲಿಸುತ್ತ ಹೋದರೆ, ನಿಧಾನವಾಗಿ ತಿಳಿಯಾಗುವ ಆಕಾಶದಲ್ಲಿ ಚೂರುಚೂರೇ ದಾಟಿ ಬಣ್ಣ ಎಲ್ಲೆಲ್ಲೋ ಹೋಗುತ್ತದೆ.

ಈಗ ಎಲ್ಲರನ್ನೂ ಕಾಡುವ ವಿಷಯ: ಗೆರೆಯ ಒಳಅಂಚಿನಲ್ಲಿ ಉಳಿಯುವ ಬಿಳಿ ಎಳೆ. ನುಣುಪಾದ ಬ್ರಷ್ ಗೆರೆಯ ಅಂಚು ಕಪ್ಪಿನಿಂದ ಬೂದು, ಬೂದಿನಿಂದ ಬಿಳಿ ಆಗುತ್ತ ಹೋಗುತ್ತದೆ. ಬಕೆಟ್ ತಿಳಿ ಬೂದು ಕಂಡ ಕೂಡಲೇ ನಿಲ್ಲುತ್ತದೆ. ಟಾಲರೆನ್ಸ್ ಏರಿಸಿದರೆ ತುಸು ಸರಿಯಾಗುತ್ತದೆ, ಆದರೆ ತೆಳು ಗೆರೆ ಇದ್ದ ಕಡೆ ಗೆರೆಯೇ ಒಡೆದು ಸೋರುತ್ತದೆ. ಸರಿಯಾದ ದಾರಿ ಅಂದರೆ, ತುಂಬಿದ ಮೇಲೆ ಮಾಸ್ಕ್ ಅನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸುವುದು. ಜೊತೆಗೆ, ಗೆರೆ ಮೇಲಿನ ಲೇಯರ್‌ನಲ್ಲಿರಲಿ (ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥದ್ದು), ಬಣ್ಣ ಕೆಳಗಿನದಕ್ಕೆ ಹೋಗಲಿ. ಬಕೆಟ್ ಎಲ್ಲ ಲೇಯರ್‌ಗಳನ್ನೂ ನೋಡಬೇಕು, ಬರೆಯುವುದು ಮಾತ್ರ ಕೆಳಗಿನದರಲ್ಲಿ. ಆಗ ಹಿಗ್ಗಿದ ಬಣ್ಣ ಗೆರೆಯ ಅಡಿಗೆ ಸರಿದುಕೊಳ್ಳುತ್ತದೆ, ಗೆರೆ ಹಾಗೇ ಉಳಿಯುತ್ತದೆ. ಇಷ್ಟು ಮಾಡಿಕೊಟ್ಟರೆ ಚಿತ್ರಕಾರರ ಎಷ್ಟೋ ಗಂಟೆ ಉಳಿಯುತ್ತದೆ, ಹಾಗಾಗಿ ಈ ಹಿಗ್ಗಿಸುವ ಆಯ್ಕೆಯನ್ನು ಮೆನುವಿನ ಮೂಲೆಯಲ್ಲಿ ಬಚ್ಚಿಡದೆ ಬಕೆಟ್ ಪಕ್ಕದಲ್ಲೇ ಇಡಿ.

ಕೈಯಲ್ಲಿ ಎಳೆದ ಗೆರೆಯಲ್ಲಿ ಬಣ್ಣ ಸೋರುವಂಥ ಸಣ್ಣ ಸಂದು ಇದ್ದೇ ಇರುತ್ತದೆ, ಅಲ್ವಾ? ತುಂಬುವ ಮುಂಚೆ ಗೆರೆಗಳನ್ನು ಲೆಕ್ಕಕ್ಕೆ ಮಾತ್ರ ಕೆಲವು ಪಿಕ್ಸೆಲ್ ದಪ್ಪ ಮಾಡಿ, ತುಂಬಿದ ಮೇಲೆ ಮಾಸ್ಕ್ ಅನ್ನು ಅಷ್ಟೇ ಹಿಗ್ಗಿಸಿ. ಚೂಪು ಮೂಲೆಗಳು ಇದರಿಂದ ಖಾಲಿ ಉಳಿಯಬಹುದು, ಹಾಗಾಗಿ ಸುರುವಿಗೆ ಈ ದಪ್ಪದ ಅಳತೆಯನ್ನು 0ಗೆ ಇಟ್ಟು, ಏರಿಸುವುದನ್ನು ಬಳಸುವವರಿಗೇ ಬಿಡಿ.

ಪರೀಕ್ಷೆಗೆ ಚೌಕ, ವೃತ್ತ ಸಾಲದು. ಬ್ರಷ್‌ನಲ್ಲಿ ಒಂದು ಮುಖ ಬಿಡಿಸಿ, ಕೂದಲಿಗೆ ಕಡು ಬಣ್ಣ ತುಂಬಿ, 400% ಜೂಮ್ ಮಾಡಿ ಅಂಚು ನೋಡಿ.