ಎದುರಿಗೇ ಸಮುದ್ರ ಇರುವಾಗ ಸಾಲ್ಟ್ ಸ್ಪ್ರೇ ಚೇಂಬರ್ ಯಾಕೆ?

ನಮ್ಮದು ಕಾರವಾರದಲ್ಲಿ ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪು. ಗೇಟಿನ ಬಿಜಾಗರಿ, ಚಿಲಕ, ಸೋಲಾರ್ ಪ್ಯಾನೆಲ್ ಕೂರಿಸುವ ಕ್ಲ್ಯಾಂಪು, ಬೋಟಿನವರು ಕೇಳುವ ಬ್ರಾಕೆಟ್ಟು, ಇಂಥವನ್ನು ಇಲ್ಲೇ ಮಾಡುತ್ತೇವೆ. ಜಿಂಕ್ ಪ್ಲೇಟಿಂಗ್, ಅಂದರೆ ತುಕ್ಕು ತಡೆಯಲು ಸತುವಿನ ತೆಳು ಲೇಪ, ಮಾತ್ರ ಘಟ್ಟದ ಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸುತ್ತೇವೆ. ಉಪ್ಪುನೀರಿನ ಮಂಜು ಹೊಡೆದು ಲೇಪ ತುಕ್ಕಿಗೆ ಎಷ್ಟು ತಡೆಯುತ್ತದೆ ಎಂದು ನೋಡುವ ಪೆಟ್ಟಿಗೆ, ಸೆಕೆಂಡ್ ಹ್ಯಾಂಡ್ ಸಾಲ್ಟ್ ಸ್ಪ್ರೇ ಚೇಂಬರ್ ಒಂದನ್ನು ತಂದು ಇಳಿಸಿದಾಗ ಪಕ್ಕದ ಅಂಗಡಿಯವರು ಕೇಳಿದ್ದು ಒಂದೇ: "ಎದುರಿಗೇ ಸಮುದ್ರ ಉಂಟಲ್ಲ ಮಾರಾಯಾ, ಉಪ್ಪುನೀರು ಹೊಡೆಯೂಕೆ ದುಡ್ಡು ಕೊಟ್ಟು ಪೆಟ್ಟಿಗೆ ಬೇಕಾ?"

ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಸಮುದ್ರದ ಗಾಳಿ ಮೇ ತಿಂಗಳಲ್ಲಿ ಒಂದು ಥರ, ಜುಲೈನಲ್ಲಿ ಇನ್ನೊಂದು ಥರ. ನನಗೆ ಬೇಕಾಗಿದ್ದದ್ದು, ಈ ವಾರ ಬಂದ ಪ್ಲೇಟಿಂಗ್ ಹೋದ ತಿಂಗಳಿನ ಹಾಗೇ ಇದೆಯೋ ಇಲ್ಲವೋ ಎನ್ನುವುದು, ಅದೂ ಮಾಲು ಗಿರಾಕಿಯ ಮನೆ ಸೇರುವ ಮೊದಲು. ಅದಕ್ಕೆ ಯಾವತ್ತೂ ಬದಲಾಗದ ಒಂದು ಹವಾಮಾನ ಬೇಕು. ಚೇಂಬರ್ ಕೊಡುವುದು ಅಷ್ಟನ್ನೇ.

ಈ ಪರೀಕ್ಷೆಯ ಎಎಸ್‌ಟಿಎಂ ಬಿ117 ಎಂಬ ಅಮೆರಿಕದ ಮಾನದಂಡ 1939ರಷ್ಟು ಹಳೆಯದು, ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒದಲ್ಲಿ ಇದರ ನಂಬರು 9227. ಎರಡರ ಸಾರವೂ ಒಂದೇ. ಲೀಟರಿಗೆ ಸುಮಾರು 50 ಗ್ರಾಂ ಉಪ್ಪಿನ ದ್ರಾವಣ, 35 ಡಿಗ್ರಿ ಶಾಖ, ಹಗಲೂ ರಾತ್ರಿ ಬಿಡದೆ ಮಂಜು. ಸಮುದ್ರದ ನೀರಿನಲ್ಲಿ ಉಪ್ಪು ಶೇ. 3.5ರ ಆಸುಪಾಸು, ಇಲ್ಲಿ ಶೇ. 5. ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಗಳ ಉಪ್ಪು ಇಷ್ಟು ಹತ್ತಿರ ಇರುವಾಗ ಅದನ್ನೇ ಹಾಕಬಾರದೇ ಎಂದು ನಮ್ಮ ಹುಡುಗ ಕೇಳಿದ್ದ. ಮೀನುಸಾರಿಗೆ ಅದೇ ಬೇಕು, ಚೇಂಬರಿಗೆ ಆಗದು. ಗದ್ದೆಯ ಉಪ್ಪಿನಲ್ಲಿ ಮೆಗ್ನೀಶಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತವೆ. ಅಂಗಡಿಯ ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್ನೂ ಗಂಟುಕಟ್ಟದಂತೆ ಹಾಕುವ ಪುಡಿಯೂ ಇರುತ್ತವೆ. ಲ್ಯಾಬ್ ಗ್ರೇಡಿನ ಸೋಡಿಯಂ ಕ್ಲೋರೈಡು ಮತ್ತು ಡಿಎಂ ವಾಟರ್ (ಖನಿಜಾಂಶ ತೆಗೆದ ನೀರು), ಇದರಲ್ಲಿ ರಾಜಿ ಇಲ್ಲ. ಬಾವಿ ನೀರಂತೂ ಬೇಡವೇ ಬೇಡ.

ಕಂಪ್ರೆಸರಿನ ಗಾಳಿ ನೇರವಾಗಿ ಮಂಜು ಉಗುಳುವ ನಾಜಲ್‌ಗೆ ಹೋಗುವುದಿಲ್ಲ. ಮೊದಲು ಎಣ್ಣೆಯ ಪಸೆ ಹಿಡಿಯುವ ಫಿಲ್ಟರ್, ಆಮೇಲೆ ಬಿಸಿನೀರಿನ ಟವರ್. ಒಣ ಗಾಳಿ ಹೊಡೆದರೆ ಮಂಜಿನ ಹನಿ ದಾರಿಯಲ್ಲೇ ಆರಿ ಉಪ್ಪು ಗಟ್ಟಿಯಾಗುತ್ತದೆ. ಜೊತೆಗೆ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ಹಾಗಾಗಿ ಟವರಿನ ನೀರು ಚೇಂಬರಿಗಿಂತ ಬಿಸಿ ಇರಬೇಕು, ಒತ್ತಡಕ್ಕೆ ತಕ್ಕಂತೆ 45ರಿಂದ 50 ಡಿಗ್ರಿ. ಈ ಟವರಿನ ನೀರಿನ ಮಟ್ಟ ನೋಡುವುದು ನಮ್ಮಲ್ಲಿ ಬೆಳಗಿನ ಮೊದಲ ಕೆಲಸ.

ಎರಡನೆಯದು ಫನೆಲ್. ಚೇಂಬರಿನೊಳಗೆ ಹತ್ತು ಸೆಂಟಿಮೀಟರ್ ಬಾಯಿಯ ಫನೆಲ್‌ಗಳು, ಅವುಗಳ ಕೆಳಗೆ ಅಳತೆಯ ಸಿಲಿಂಡರು. ಆ ಬಾಯಿ ಹೆಚ್ಚುಕಡಿಮೆ 80 ಚದರ ಸೆಂಟಿಮೀಟರ್. ಅದರಲ್ಲಿ ಗಂಟೆಗೆ ಸರಾಸರಿ 1ರಿಂದ 2 ಮಿಲಿಲೀಟರ್ ಬೀಳಬೇಕು. ಹಾಗೆ ಬಿದ್ದ ನೀರಿನ ಪಿಎಚ್ 6.5ರಿಂದ 7.2ರ ಒಳಗಿರಬೇಕು. ಟ್ಯಾಂಕಿನ ದ್ರಾವಣದ ಪಿಎಚ್ ಬರೆದು ಸುಮ್ಮನಾಗುವವರಿದ್ದಾರೆ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಬಿಸಿಗೆ ಹೊರಟುಹೋಗಿ ಪಿಎಚ್ ಏರುತ್ತದೆ, ಆದ್ದರಿಂದ ಲೆಕ್ಕಕ್ಕೆ ಬರುವುದು ಸಿಲಿಂಡರಿನಲ್ಲಿ ಬಿದ್ದದ್ದು. ಮಳೆಗಾಲದಲ್ಲಿ ಕರೆಂಟು ಹೋದಷ್ಟು ಹೊತ್ತನ್ನೂ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಅದನ್ನು ಮುಚ್ಚಿಟ್ಟ ರಿಪೋರ್ಟಿಗೆ ನನ್ನ ಕಣ್ಣಲ್ಲಿ ಬೆಲೆ ಇಲ್ಲ.

ತುಂಡುಗಳನ್ನು ಸ್ವಲ್ಪ ಓರೆಯಾಗಿ ನಿಲ್ಲಿಸುತ್ತೇವೆ, ಒಂದರ ಹನಿ ಇನ್ನೊಂದರ ಮೇಲೆ ಬೀಳದ ಹಾಗೆ. ಮೊದಲು ಕಾಣುವುದು ಬಿಳಿ ತುಕ್ಕು, ಅಂದರೆ ಸತುವು ಸವೆಯುತ್ತಿದೆ. ಕೆಂಪು ಕಂಡರೆ ಸತುವು ಮುಗಿದು ಕಬ್ಬಿಣಕ್ಕೇ ಬಂತು.

ಚೇಂಬರಿನ ದುಡ್ಡು ವಸೂಲಾದದ್ದು ಒಂದು ಹಳದಿ ಪ್ಯಾಸಿವೇಶನ್ ಲಾಟಿನಿಂದ. ಪ್ಯಾಸಿವೇಶನ್ ಅಂದರೆ ಸತುವನ್ನು ಕಾಯಲು ಅದರ ಮೇಲೆ ಕೊಡುವ ತೆಳು ಕ್ರೋಮೇಟ್ ಪದರ. ನೋಡಲು ಬಂಗಾರದ ಹೊಳಪು. ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದರೆ ಜಿಂಕ್ 8 ಮೈಕ್ರಾನ್ ಮೇಲೇ ಇದೆ. ಡ್ರಾಯಿಂಗಿನಲ್ಲಿ 96 ಗಂಟೆ ಬಿಳಿ ತುಕ್ಕು ಬರಬಾರದು ಎಂದಿತ್ತು, ಮಾರನೆಯ ಬೆಳಿಗ್ಗೆಯೇ ಬಿಜಾಗರಿಯ ಗೆಣ್ಣಿನ ಸುತ್ತ ಬೂದಿ ಮೆತ್ತಿದ ಹಾಗೆ ಬಿಳುಪು. ಪ್ಲೇಟಿಂಗಿನವರು ದಪ್ಪದ ರಿಪೋರ್ಟನ್ನೇ ಮತ್ತೆ ಮತ್ತೆ ಕಳಿಸಿದರು. ನಾನು ಕೇಳಿದ್ದು ಒಣಗಿಸುವ ಓವನ್ನಿನ ಶಾಖ. ಈ ಹಳದಿ ಕ್ರೋಮೇಟ್ ಪದರ 60-65 ಡಿಗ್ರಿ ದಾಟಿದರೆ ನೀರಿನಂಶ ಕಳೆದುಕೊಂಡು ಬಿರಿಯುತ್ತದೆ, ಬಣ್ಣ ಮಾತ್ರ ಹಾಗೇ ಉಳಿಯುತ್ತದೆ. ಅವಸರಕ್ಕೆ ಓವನ್ ಏರಿಸಿದ್ದರಂತೆ. ಇಳಿಸಿದ ಮೇಲೆ ಬಂದ ಲಾಟು ಪಾಸಾಯಿತು. ಗೇಜು ಈ ದೋಷವನ್ನು ಎಂದೂ ತೋರಿಸುತ್ತಿರಲಿಲ್ಲ. ಈಗ ಹೊಸ ಪ್ಯಾಸಿವೇಶನ್ ಮಾಡಿದ ತುಂಡನ್ನು ಒಂದು ದಿನ ಆರಲು ಬಿಟ್ಟೇ ಚೇಂಬರಿಗೆ ಇಡುತ್ತೇವೆ. ಹಸಿ ಪದರಕ್ಕೆ ಪರೀಕ್ಷೆ ಅನ್ಯಾಯ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಇಲ್ಲಿನ ಬೈತಖೋಲ ಬಂದರಿನ ಬೋಟಿನ ಹಿರಿಯರೊಬ್ಬರು ಕೇಳಿದರು: "ತಮಾ, ನಿನ್ನ ಪೆಟ್ಟಿಗೇಲಿ ಇಷ್ಟು ತಾಸು ನಿಂತರೆ ನನ್ನ ಬೋಟಿನಲ್ಲಿ ಎಷ್ಟು ವರ್ಷ ಬರ್ತದೆ?" ಲೆಕ್ಕ ಹೇಳಲು ಬರುವುದಿಲ್ಲ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. ತಾಸಿಗೆ ಇಷ್ಟು ವರ್ಷ ಎಂದು ಗುಣಿಸಿ ಕೊಡುವ ಸೇಲ್ಸ್‌ನವರು ಇದ್ದಾರೆ, ನಂಬಬೇಡಿ. ಹಾಟ್ ಡಿಪ್ ಗ್ಯಾಲ್ವನೈಸಿಂಗ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದನ್ನು, ತೆಗೆದುಕೊಳ್ಳಿ. 5 ಮಿ.ಮೀ. ದಾಟಿದ ಕಬ್ಬಿಣಕ್ಕೆ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್ ಸತುವು. ಚೇಂಬರಿನಲ್ಲಿ ಅದಕ್ಕೂ ಬೇಗನೆ ಬಿಳಿ ತುಕ್ಕು ಬರುತ್ತದೆ, ಏಕೆಂದರೆ ಅಲ್ಲಿ ಒಣಗುವುದಕ್ಕೇ ಬಿಡುವಿಲ್ಲ. ಹೊರಗೆ ನೆನೆದು ಒಣಗುತ್ತ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಜಿಂಕ್ ಕಾರ್ಬೊನೇಟಿನ ಪದರ ಕಟ್ಟುತ್ತದೆ. ಅದೇ ಅದರ ಕವಚ.

ಅದಕ್ಕಾಗಿ ಮಹಡಿಯ ಮೇಲೆ ಒಂದು ಮರದ ಚೌಕಟ್ಟು ಇಟ್ಟು ಅದೇ ಲಾಟಿನ ತುಂಡುಗಳನ್ನು ಕಟ್ಟಿದ್ದೇನೆ, ಅರ್ಧ ಬಯಲಿಗೆ, ಅರ್ಧ ಸೂರಿನಡಿಗೆ. ಮಳೆಗೆ ಮೈಯೊಡ್ಡಿದ ತುಂಡುಗಳೇ ಚೆನ್ನಾಗಿವೆ. ಸೂರಿನಡಿಯವು ಬೆರಳಿಟ್ಟರೆ ಅಂಟಂಟು, ನಾಲಿಗೆಗೆ ಉಪ್ಪು, ಅಂಚಿನಲ್ಲಿ ಕೆಂಪು. ಗಾಳಿ ತಂದ ಉಪ್ಪನ್ನು ಅಲ್ಲಿ ತೊಳೆಯುವವರಿಲ್ಲ. ಹಾಗಾಗಿ ಸಮುದ್ರದ ಕಡೆಯ ವರಾಂಡ, ಸೂರಿನಡಿಯ ಕ್ಲ್ಯಾಂಪು ಎಂದು ಆರ್ಡರ್ ಬಂದರೆ ಜಿಂಕ್ ಪ್ಲೇಟಿಂಗ್ ಕೊಡುವುದನ್ನೇ ನಿಲ್ಲಿಸಿದ್ದೇನೆ. ಹಾಟ್ ಡಿಪ್ ಅಥವಾ ಮಾಲಿಬ್ಡಿನಂ ಇರುವ 316 ಸ್ಟೇನ್‌ಲೆಸ್ ಸ್ಟೀಲು, ಎರಡರ ರೇಟೂ ಮುಂದಿಡುತ್ತೇನೆ. ಮಾಲಿಬ್ಡಿನಂ ಇಲ್ಲದ 304 ಸ್ಟೀಲು ಸಾಲದೇ ಎಂದು ಚೌಕಾಸಿ ಮಾಡುವವರನ್ನು ಮೆಟ್ಟಿಲು ಹತ್ತಿಸಿ ಚೌಕಟ್ಟಿನ ಕೊನೆಯ ಸಾಲು ತೋರಿಸುತ್ತೇನೆ.